ಗಂಜಿ ಹಾಕಿದ ಸೈಕಲ್ ಚೈನು

ತುಳಿಯುವುದನ್ನು ನಿಲ್ಲಿಸಿದ ಮೇಲೆ ಸೈಕಲ್ಲಿನ ಹಿಂದಿನ ಚಕ್ರ ತನ್ನಷ್ಟಕ್ಕೆ ತಿರುಗುತ್ತ ಟಿಕ್‌ಟಿಕ್‌ಟಿಕ್ ಎನ್ನುತ್ತದಲ್ಲ, ಆ ಸದ್ದನ್ನು ನೀವೆಲ್ಲ ರಸ್ತೆಯಲ್ಲಿ ಕೇಳಿರುತ್ತೀರಿ. ನಾನು ಕೇಳಿದ್ದು ಮಗ್ಗದ ಗುಂಡಿಯೊಳಗಿಂದ. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಲಾಳಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅದರ ನಡುವೆ ಒಂದು ಕಾಲಕ್ಕೆ ಒಂದೇ ಒಂದು ಮನೆಯಿಂದ ಈ ಟಿಕ್‌ಟಿಕ್ ಬರುತ್ತಿತ್ತು. ಅದು ನಮ್ಮ ಮನೆ. ಗುಂಡಿಯ ಮೇಲೆ ಕಟ್ಟಿ ನಿಲ್ಲಿಸಿದ ಸೈಕಲ್ಲಿನ ಮೇಲೆ ಕೂತು, ಎದುರಿನ ಗೋಡೆಯನ್ನೇ ನೋಡುತ್ತ, ಎಲ್ಲಿಗೂ ಹೋಗದೆ ಪೆಡಲ್ ತುಳಿಯುತ್ತಿದ್ದವಳು ನಾನು. ಐ ವಾಸ್ ನೈನ್‌ಟೀನ್, ಅಂಡ್ ವೆರಿ ಕಾನ್ಫಿಡೆಂಟ್.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನನಗೆ ಸೈಕಲ್ ಬರುತ್ತಿತ್ತು. ಬಾರದವರು ಬಿದ್ದರೆ ಅದರಲ್ಲಿ ಹೇಳುವುದಕ್ಕೇನಿದೆ?

ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಏರ್ಕಾಡಿನ ಬೆಟ್ಟದ ಮೇಲೆ ಒಂದು ಕಾನ್ವೆಂಟಿನಲ್ಲಿ ಬಿಟ್ಟಿದ್ದರು. ಅಪ್ಪ ಅಲ್ಲಿಗೆ ಪ್ರಾರ್ಥನೆಯ ಮೇಜಿಗೆ ಹಾಸುವ ಬಿಳಿ ಬಟ್ಟೆ ನೇಯ್ದು ಕೊಡುತ್ತಿದ್ದರು, ಆ ಪರಿಚಯ. ಹತ್ತು ವರ್ಷ ಅಲ್ಲಿದ್ದು ನಾನು ಫೋರ್ಕಿನಲ್ಲಿ ಬಟಾಣಿ ತಿನ್ನುವುದು, ಕರ್ಚೀಫಿನ ಮೂಲೆಗೆ ಹೂ ಹಾಕುವುದು, ಟೆನ್ನಿಸ್ ಕೋರ್ಟಿನ ಸುತ್ತ ಸೈಕಲ್ ಓಡಿಸುವುದು, ಈ ಮೂರನ್ನು ಚೆನ್ನಾಗಿ ಕಲಿತೆ. ಮೆಟ್ರಿಕ್ ಮುಗಿಸಿ ಹೊರಡುವಾಗ, ತನ್ನ ದೇಶಕ್ಕೆ ವಾಪಸ್ ಹೋಗುತ್ತಿದ್ದ ಒಬ್ಬ ಮುದುಕಿ ಸಿಸ್ಟರ್ ತನ್ನ ಸೈಕಲ್ಲನ್ನು ನನಗೇ ಕೊಟ್ಟುಬಿಟ್ಟಳು. ಬಾಗಿದ ಬಾರಿನ ಲೇಡೀಸ್ ಸೈಕಲ್. ನಿಲುವಂಗಿ ಚಕ್ರಕ್ಕೆ ಸಿಕ್ಕಿಕೊಳ್ಳದಿರಲಿ ಎಂದು ಹಿಂದಿನ ಚಕ್ರದ ಎರಡೂ ಕಡೆ ಜೇಡರ ಬಲೆಯಂತೆ ದಾರ ಹೆಣೆದಿದ್ದರು. ಬಸ್ಸಿನ ತಲೆಯ ಮೇಲೆ ಅದನ್ನು ಕಟ್ಟಿಸಿಕೊಂಡು, ಘಾಟಿನ ತಿರುವುಗಳಲ್ಲೆಲ್ಲ ಅದು ಬಿದ್ದೀತೆಂದು ತಲೆ ಹೊರಗೆ ಹಾಕಿ ನೋಡುತ್ತ, ನಾನು ಮನೆಗೆ ಬಂದೆ.

ಮನೆಯಲ್ಲಿ ಅಪ್ಪ, ಅಣ್ಣ, ಅಪ್ಪನ ತಾಯಿ ಅಜ್ಜಿ. ಮೂವರಿಗೂ ಕೈ ತುಂಬ ಕೆಲಸ. ನನಗೆ ಮಾತ್ರ ಯಾವ ಕೆಲಸವೂ ಬರುತ್ತಿರಲಿಲ್ಲ. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಆರು ವರ್ಷದ ಹುಡುಗಿಯರೂ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ನಾನು ಸುತ್ತಿದ್ದು ಈರುಳ್ಳಿಯ ಹಾಗಿರುತ್ತಿತ್ತು.

"ಇಂಗ್ಲೀಸು ಬತ್ತೈತೆ, ಕಂಡಿಕೆ ಬರಲ್ಲ," ಎಂದು ಅಜ್ಜಿ ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸುತ್ತಿದ್ದಳು.

ಅಷ್ಟರಲ್ಲಿ ಒಂದು ಕೆಲಸದ ಸುದ್ದಿ ಬಂತು. ಆಸ್ಪತ್ರೆಯ ಲೇಡಿ ಡಾಕ್ಟರಿಗೆ ನೇಕಾರರ ಬೀದಿಗಳಲ್ಲಿ ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಂಡು ಬಂದು ವರದಿ ಕೊಡುವ ಒಬ್ಬ ಹುಡುಗಿ ಬೇಕಾಗಿದ್ದಳು. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಬರಬೇಕು. ಸೈಕಲ್ ತುಳಿಯಬೇಕು. ಬಿಳಿ ಸೀರೆ ಉಟ್ಟಿರಬೇಕು, ಅದರ ಮೇಲೆ ಒಂದು ಕಲೆಯೂ ಇರಬಾರದು. ಡಾಕ್ಟರ್ ತಮಿಳು ಕ್ರಿಶ್ಚಿಯನ್ ಹೆಂಗಸು, ಶುಭ್ರತೆಯ ವಿಷಯದಲ್ಲಿ ಬಹಳ ಸ್ಟ್ರಿಕ್ಟ್ ಎಂದು ಊರಿಗೆಲ್ಲ ಗೊತ್ತಿತ್ತು. ಇಷ್ಟೆಲ್ಲ ಇದ್ದವರು ಸೇಲಂನಲ್ಲಿ ಇಬ್ಬರೇ: ನಾನು, ಮತ್ತು ಕಮಲ. ಕಮಲ ಒಬ್ಬ ಗುಮಾಸ್ತರ ಮಗಳು, ಕನ್ನಡದವಳೇ, ಬಹಳ ಮೆತ್ತಗಿನ ಹುಡುಗಿ. ಅವಳಿಗೆ ಸ್ವಂತ ಸೈಕಲ್ ಇರಲಿಲ್ಲ. ಯಾರದೋ ತಂದು ಕಲಿಯುತ್ತಿದ್ದಾಳೆ ಎಂದು ಕೇಳಿ, ಪೂರ್ ಥಿಂಗ್ ಎಂದುಕೊಂಡೆ.

ಹದಿನೈದು ದಿನ ಬಿಟ್ಟು ಆಸ್ಪತ್ರೆಯ ಕಾಂಪೌಂಡಿನಲ್ಲಿ ಸೈಕಲ್ ಪರೀಕ್ಷೆ ಎಂದಾಯಿತು.

ಅಪ್ಪ ಹೆಚ್ಚು ಮಾತಾಡುವವರಲ್ಲ. ಮಗ್ಗದಿಂದ ಕಾಲೆತ್ತದೆ ಹೇಳಿದರು: "ಸಿಕ್ರೆ ಓಗು ರಾಜಮ್ಮ. ನಾನು ಬ್ಯಾಡ ಅನ್ನಲ್ಲ. ಸಿಕ್ಕದಿದ್ರೆ ಅಜ್ಜಿ ಪಕ್ಕ ರಾಟೆ ಮುಂದೆ ಕೂತ್ಕೋಬೇಕು. ಚುಮ್ಮಾ ತಿರುಗಕ್ಕಾಗಲ್ಲ."

ಕೆಲಸ ಅಥವಾ ರಾಟೆ; ಚುಮ್ಮಾ, ಅಂದರೆ ಸುಮ್ಮನೆ, ತಿರುಗುವ ಹಾಗಿಲ್ಲ. ಷರತ್ತು ಸ್ಪಷ್ಟವಾಗಿತ್ತು. ಅಷ್ಟು ಹೇಳಿ, ಆ ದಿನ ಉಡಲು ನನಗೊಂದು ಬಿಳಿ ಸೀರೆ ನೇಯುತ್ತೇನೆ ಎಂದು ತಾವೇ ಮಗ್ಗಕ್ಕೆ ಉದ್ದೆಳೆಗಳ ಹಾಸು ಕಟ್ಟಿದರು. ಸಣ್ಣ ನೀಲಿ ಅಂಚು, ಉಳಿದದ್ದೆಲ್ಲ ಹಾಲಿನ ಬಿಳಿ.

ತೊಂದರೆ ಶುರುವಾದದ್ದು ಆ ಬಿಳಿಯಿಂದ. ಸೈಕಲ್ ಚೈನಿನ ಕರಿ ಎಣ್ಣೆ ಬಿಳಿ ಸೀರೆಗೆ ಒಮ್ಮೆ ತಾಗಿದರೆ ಮುಗಿಯಿತು. ಏನು ಮಾಡುವುದು ಎಂದು ಯೋಚಿಸುತ್ತಿರುವಾಗ ಸೀಟಿನ ಹಿಂದಿನ ಚರ್ಮದ ಚೀಲದಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆ ಸಿಕ್ಕಿತು. ಸಿಸ್ಟರ್ ಕತ್ತರಿಸಿ ಇಟ್ಟದ್ದು. ಎಣ್ಣೆಯ ಬದಲು ಚೈನಿಗೆ ಮೇಣ ಹಾಕುವ ವಿಧಾನ ಅದರಲ್ಲಿತ್ತು. ಚೈನನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ, ಒಣಗಿಸಿ, ಕರಗಿದ ಮೇಣದಲ್ಲಿ ಮುಳುಗಿಸಿ, ತೆಗೆದು ತೂಗುಹಾಕಿ, ಒರೆಸಿ. ಮೊದಮೊದಲು ಬಿರುಸಾಗಿರುತ್ತದೆ, ನಾಲ್ಕಾರು ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ನಂತರ ಬೆರಳಿಗೂ ಬಟ್ಟೆಗೂ ಏನೂ ಅಂಟುವುದಿಲ್ಲ.

ಸೋ ಸಿಂಪಲ್. ಅಣ್ಣ ಮೇಚೇರಿ ಸಂತೆಯಿಂದ ಜೇನುಮೇಣದ ಉಂಡೆ ತಂದ. ನಾನು ಮನೆಯವರನ್ನೆಲ್ಲ ಒಲೆಯ ಮುಂದೆ ಕೂರಿಸಿ, ಹಾಳೆಯನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿ ಹೇಳಿದೆ. ಕಾನ್ವೆಂಟಿನಲ್ಲಿ ಬೈಬಲ್ ಓದುತ್ತಿದ್ದ ದನಿಯಲ್ಲೇ ಓದಿದೆ.

ಅಜ್ಜಿ ಕೊನೆಯವರೆಗೆ ಕೇಳಿಸಿಕೊಂಡು, "ಗಂಜಿ ಯಾವಾಗ ಆಕ್ಬೇಕು?" ಎಂದಳು.

"ಗಂಜಿ ಇಲ್ಲ ಅಜ್ಜಿ. ಬರೀ ಮೇಣ."

"ಗಂಜಿ ಇಲ್ದೆ ಎಂಗೆ? ಬರೀ ಮೇಣ ಆಕಿದ್ರೆ ನಾಳೇನೇ ಉದುರೋಗ್ತೈತೆ. ಬರ್ದೋನು ಮರೆತವ್ನೆ."

"ಇದು ಸ್ಟೀಲು ಅಜ್ಜಿ. ನೂಲಲ್ಲ."

"ಓಡೋದು ತಾನೆ? ದಿನಾ ಎಳ್ದಾಡೋದು ತಾನೆ? ಅಂಗಿದ್ಮೇಲೆ ಗಂಜಿ ಬೇಕು. ನಿಮ್ಮಪ್ಪನ್ನ ಕೇಳು."

ಅಪ್ಪನನ್ನು ಕೇಳಿದೆ. ಅಪ್ಪ, "ಗಂಜಿ ಆಕಿದ್ರೆ ಕೆಡೋದೇನಿಲ್ಲ," ಎಂದರು. ಅಣ್ಣ ತಲೆಯಾಡಿಸಿದ. ನೇಕಾರರ ಮನೆಯಲ್ಲಿ ಗಂಜಿಯ ವಿರುದ್ಧ ಮಾತಾಡುವುದು, ಕಾನ್ವೆಂಟಿನಲ್ಲಿ ಪ್ರಾರ್ಥನೆಯ ವಿರುದ್ಧ ಮಾತಾಡಿದ ಹಾಗೆ. ಮತ ಎಣಿಸಿದರೆ ಮೂರಕ್ಕೆ ಒಂದು. ನಾನು ಒಪ್ಪಿದೆ. ಅಜ್ಜಿ ಮೇಣ ಮೆದುವಾಗಿರಲಿ ಎಂದು ಅದಕ್ಕೊಂದು ಸೌಟು ಹರಳೆಣ್ಣೆಯನ್ನೂ ಸುರಿದಳು. ಅದಕ್ಕೂ ಒಪ್ಪಿ, ಚೈನನ್ನು ಅದರಲ್ಲಿ ಮುಳುಗಿಸಿ ತೆಗೆದು ತೂಗುಹಾಕಿದೆ.

ಮರುದಿನ ಮುಂಜಾನೆ ಗಂಜಿ ಹಾಕುವ ಶಾಸ್ತ್ರ. ನಮ್ಮಲ್ಲಿ ನೇಯುವ ಮೊದಲು ಹಾಸಿನ ಎಳೆಗಳನ್ನು ಬೀದಿಯುದ್ದ ಎರಡು ಗೂಟಗಳ ನಡುವೆ ಬಿಗಿದು ಕಟ್ಟಿ, ಇಬ್ಬರು ಆಚೆ ಇಬ್ಬರು ಈಚೆ ನಿಂತು ದೊಡ್ಡ ಕುಂಚದಿಂದ ಗಂಜಿ ತೀಡುತ್ತ ಹೋಗುತ್ತಾರೆ. ಯಾರ ಮನೆಯ ಹಾಸಾದರೂ ಅಕ್ಕಪಕ್ಕದವರೆಲ್ಲ ಬಂದು ಕೈ ಹಾಕುವುದು ಪದ್ಧತಿ. ಅಣ್ಣ ನನ್ನ ಚೈನನ್ನು ಎರಡು ಗೂಟಗಳ ನಡುವೆ ಕಟ್ಟಿದ. ಬೀದಿಯ ಹಾಸು ನಲವತ್ತು ಗಜ ಇರುತ್ತದೆ. ನನ್ನ ಚೈನು ಐದಡಿಯೂ ಇರಲಿಲ್ಲ.

ಆದರೂ ಜನ ಬಂದರು. ಎದುರುಮನೆಯ ಚಿನ್ನಪ್ಪ ಮಾವ ತಮ್ಮದೇ ಕುಂಚ ತಂದಿದ್ದರು. ಒಬ್ಬರೂ ನಗಲಿಲ್ಲ. ಐದಡಿ ಚೈನಿಗೆ ನಾಲ್ಕು ಜನ ನಾಲ್ಕು ದಿಕ್ಕಿನಿಂದ ಬಗ್ಗಿ ಗಂಜಿ ತೀಡಿದರು.

"ಇದ್ಯಾವ ನಂಬರಿನ ಪಾವು ರಾಜಿ?" ಎಂದು ಚಿನ್ನಪ್ಪ ಮಾವ ಗಂಭೀರವಾಗಿ ಕೇಳಿದರು. ಅಲ್ಲಿ ಹಾಸು ಎನ್ನುವುದಕ್ಕೆ ತಮಿಳಿನ ಪಾವು ಎಂಬ ಮಾತೇ ವಾಡಿಕೆ.

"ಇದು ಬರ್ಮಿಂಗ್‌ಹ್ಯಾಮ್ ಮಾವ," ಎಂದು ಸೈಕಲ್ ತಯಾರಾದ ಊರಿನ ಹೆಸರು ಹೇಳಿದೆ.

"ಒಳ್ಳೆ ಗಟ್ಟಿ ಐತೆ. ಒಂದೆಳೇನೂ ಅರ್ದಿಲ್ಲ," ಎಂದರು.

ನಾವು ಕೈ ತೊಳೆಯಲು ಒಳಗೆ ಹೋದಾಗ ಚಿನ್ನಪ್ಪ ಮಾವನ ಕುರಿ ಬಂದು ಅರ್ಧ ಚೈನಿನ ಗಂಜಿ ನೆಕ್ಕಿ ಹೋಗಿತ್ತು. ಅಜ್ಜಿ ಬಿಡಲಿಲ್ಲ, ಎರಡನೇ ಸಲ ಹಾಕಿಸಿದಳು. ಒಂಬತ್ತು ಗಂಟೆಯ ಬಿಸಿಲಿಗೆ ಚೈನು ಒಣಗಿ ಸಿದ್ಧವಾಯಿತು. ಅಣ್ಣ ಒಂದು ತುದಿ ಹಿಡಿದು ಎತ್ತಿದ. ಇನ್ನೊಂದು ತುದಿ ಬಾಗಲಿಲ್ಲ. ಪೊಲೀಸರ ಲಾಠಿಯ ಹಾಗೆ ನೆಟ್ಟಗೆ ನಿಂತಿತು.

ಅಜ್ಜಿ ಅದನ್ನು ಬೆರಳಿನಿಂದ ತಟ್ಟಿ ನೋಡಿ, "ಈಗ ಸರಿ," ಎಂದಳು.

ಅದನ್ನು ಹಲ್ಲುಚಕ್ರಕ್ಕೆ ಬಾಗಿಸಿ ಕೂರಿಸಲು ಅಣ್ಣನಿಗೆ ಮಧ್ಯಾಹ್ನದವರೆಗೆ ಬೇಕಾಯಿತು. ನಾಲ್ಕಾರು ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ ಎಂದು ಹಾಳೆಯಲ್ಲಿತ್ತು. ಆದರೆ ಪೆಡಲನ್ನು ಕೈಯಲ್ಲಿ ತಿರುಗಿಸಲು ನಮ್ಮಿಬ್ಬರಿಂದಲೂ ಆಗಲಿಲ್ಲ. ಕೂತು ತುಳಿದೇ ಸಡಿಲಿಸಬೇಕು ಎಂದು ಅಣ್ಣ ತೀರ್ಮಾನಿಸಿದ. ಬೀದಿಯಲ್ಲಿ ಬೇಡ, ಒಳಗೇ ತುಳಿಯಲಿ ಎಂದರು ಅಪ್ಪ. ಒಳಗೆ ಎಲ್ಲಿ? ಆಗ ಅಣ್ಣನ ಕಣ್ಣು ಚಿಕ್ಕಪ್ಪನ ಮಗ್ಗದ ಮೇಲೆ ಬಿತ್ತು.

ನಮ್ಮ ಮಗ್ಗಗಳೆಲ್ಲ ಗುಂಡಿ ಮಗ್ಗಗಳು. ನೇಯುವವನು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಅಂಚಿನಲ್ಲಿ ಕೂರಬೇಕು. ಚಿಕ್ಕಪ್ಪ ಮೆಟ್ಟೂರು ಅಣೆಕಟ್ಟಿನ ಕೆಲಸಕ್ಕೆ ಹೋದವನು ಅಲ್ಲೇ ನಿಂತಿದ್ದರಿಂದ ಅವನ ಗುಂಡಿ ಖಾಲಿ ಬಿದ್ದಿತ್ತು. ಅಣ್ಣ ಗುಂಡಿಯ ಮೇಲೆ ಎರಡು ಹಲಗೆ ಅಡ್ಡ ಹಾಕಿ, ಸೈಕಲ್ಲಿನ ಹಿಂದಿನ ಅಚ್ಚನ್ನು ಅವುಗಳ ಮೇಲೆ ಕೂರಿಸಿ, ಚಕ್ರ ಗುಂಡಿಯೊಳಗೆ ತೇಲುವಂತೆ ಮಾಡಿದ. ಸೀಟಿನ ಕೆಳಗಿನ ಕೊಳವೆಯನ್ನು ಮಗ್ಗದ ಕಂಬಗಳಿಗೆ ಹಗ್ಗದಿಂದ ಬಿಗಿದ. ಕಂಬಗಳು ಅಲುಗಿದರೂ ಸೈಕಲ್ ಅಲುಗುತ್ತಿರಲಿಲ್ಲ. ನಾನು ಹತ್ತಿ ಕೂತು ತುಳಿದೆ. ಮೊದಲ ದಿನ ಹತ್ತು ಸುತ್ತಿಗೆ ಬೆವರು ಇಳಿಯಿತು. ಎರಡನೇ ದಿನ ಗಂಜಿ ಪುಡಿಪುಡಿಯಾಗಿ ಉದುರಿ ಚಕ್ರ ತಿರುಗತೊಡಗಿತು. ಮೂರನೇ ದಿನ ಸುಯ್ ಎಂದು ಓಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಾಲಿಗೂ ಒಂದು ಟ್ರೈನಿಂಗ್ ಆಗಲಿ ಎಂದು ನಾನೇ ಮುಂದುವರಿಸಿದೆ. ಅಜ್ಜಿ ಬಂದು ಸ್ವಲ್ಪ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿ ತಿರುಗ್ತೈತೆ, ಪಾಪ, ಚುಮ್ಮಾ," ಎಂದಳು. ಅವಳಿಗೆ ನಿಜವಾಗಿ ಸಂಕಟವಾಗಿತ್ತು.

ಸಂಜೆಯೊಳಗೆ ಅಣ್ಣನನ್ನು ಹಿಡಿದು ಹಿಂದಿನ ಚಕ್ರದ ಟೈರನ್ನು ಕಳಚಿಸಿದಳು. ರಿಮ್ಮಿನ ಹಳ್ಳದಿಂದ ತನ್ನ ರಾಟೆಯ ಕದಿರಿಗೆ ಒಂದು ದಾರದ ಪಟ್ಟಿ ಹಾಕಿದಳು. ಆ ದಾರ ಎಲ್ಲಿಂದ ಬಂತೆಂದರೆ, ಚಕ್ರದ ಪಕ್ಕದಲ್ಲಿ ಸಿಸ್ಟರಳ ನಿಲುವಂಗಿಯ ರಕ್ಷಣೆಗೆ ಹೆಣೆದಿತ್ತಲ್ಲ, ಅದನ್ನೇ ಬಿಚ್ಚಿದ್ದಳು. "ಒಳ್ಳೆ ಗಟ್ಟಿ ದಾರ, ಅಲ್ಲಿ ಏನ್ ಮಾಡ್ತೈತೆ?" ಎಂದಳು. ಎರಡೂ ಕಡೆಯದನ್ನು ಬಿಚ್ಚಿಯಾಗಿತ್ತು.

ನಾನು ತುಳಿದರೆ ಕದಿರು ಮಿಂಚಿನಂತೆ ತಿರುಗಿತು. ಕೈರಾಟೆಯಲ್ಲಿ ಒಂದು ಕಂಡಿಕೆ ಸುತ್ತುವ ಹೊತ್ತಿಗೆ ನಮ್ಮಲ್ಲಿ ಐದು. ಸುದ್ದಿ ಹಬ್ಬಿ ಚಿನ್ನಪ್ಪ ಮಾವ ನೂಲು ತಂದರು, ಪಕ್ಕದ ಮನೆಯವರು ತಂದರು, ಬೀದಿಯ ಕೊನೆಯವರು ಬುಟ್ಟಿಯಲ್ಲಿ ತಂದರು. ಅಪ್ಪ ನೇಯುತ್ತಿದ್ದ ನನ್ನ ಬಿಳಿ ಸೀರೆಯ ಹೊಕ್ಕಿನ ಕಂಡಿಕೆಗಳನ್ನೂ ಅಲ್ಲೇ ಸುತ್ತಿದೆವು. ಎಂಟನೇ ದಿನಕ್ಕೆ ಅರ್ಧ ಬೀದಿ ನನ್ನ ಕಾಲಿನ ಮೇಲೆ ನಡೆಯುತ್ತಿತ್ತು. ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ ಮೈಲಿ ಲೆಕ್ಕ ಇಡುತ್ತಿದ್ದೆ. ಆ ಲೆಕ್ಕದ ಪ್ರಕಾರ ಮೇಚೇರಿಗೆ ಎರಡು ಸಲ ಹೋಗಿ ಬಂದಿದ್ದೆ.

"ಇವ್ಳಿಗೆ ಆ ಕೆಲಸ ಸಿಕ್ಬಿಟ್ರೆ ನಮ್ ಗತಿ?" ಎಂದು ಚಿನ್ನಪ್ಪ ಮಾವ ಅಪ್ಪನ ಹತ್ತಿರ ಹೇಳುತ್ತಿದ್ದುದು ಒಮ್ಮೆ ನನ್ನ ಕಿವಿಗೆ ಬಿತ್ತು. ಅಪ್ಪನ ಲಾಳಿ ನಿಲ್ಲಲಿಲ್ಲ.

ಈ ಟ್ರೈನಿಂಗಿನಲ್ಲಿ ಒಂದೇ ನಿಯಮ. ಕಂಡಿಕೆ ತುಂಬಿದರೆ ಸುಮ್ಮನೆ ತುಳಿಯುವುದನ್ನು ನಿಲ್ಲಿಸಿದರೆ ಸಾಕು, ಚಕ್ರ ಟಿಕ್‌ಟಿಕ್ ಎನ್ನುತ್ತ ತಾನೇ ನಿಲ್ಲುತ್ತದೆ. ಆದರೆ ನೂಲು ತುಂಡಾದರೆ ಆ ಕ್ಷಣದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ತುದಿ ಒಳಗೆ ಸಿಕ್ಕಿ ಇಡೀ ಕಂಡಿಕೆ ಹಾಳು. ಅಜ್ಜಿ "ಎಳೆ ಅರೀತು" ಎಂದು ಕೂಗಿದ ಕೂಡಲೇ ನಾನು ಬ್ರೇಕ್ ಒತ್ತಿ, ಎರಡೂ ಕೈ ಬಿಟ್ಟು, ಬಲಗಡೆಗೆ ಹಿಂದಕ್ಕೆ ಬಾಗಿ ಎರಡು ತುದಿಗಳನ್ನೂ ಹಿಡಿದು ಹೊಸೆದು ಸೇರಿಸಬೇಕು. ಅಜ್ಜಿಗೆ ಹರಿದದ್ದು ಕಾಣುತ್ತಿತ್ತು, ಸೇರಿಸುವಷ್ಟು ಕಣ್ಣು ಚುರುಕಿರಲಿಲ್ಲ. ಮೊದಲು ನನಗೆ ಕೈ ಬಿಡಲು ಹೆದರಿಕೆಯಾಗುತ್ತಿತ್ತು. ದಿನಕ್ಕೆ ಅರವತ್ತು ಎಪ್ಪತ್ತು ಸಲದಂತೆ ಹತ್ತು ದಿನ ಮಾಡಿದ ಮೇಲೆ ಹೆದರಿಕೆ ಹೋಯಿತು. ಕೊನೆಕೊನೆಗೆ ಅವಳ ಬಾಯಿ ತೆರೆಯುವುದರೊಳಗೆ ನನ್ನ ಕೈ ಅಲ್ಲಿರುತ್ತಿತ್ತು. ನನ್ನ ಜೀವಮಾನದಲ್ಲಿ ಬೇರೆ ಯಾವ ವಿದ್ಯೆಯನ್ನೂ ನಾನು ಅಷ್ಟು ಪರ್ಫೆಕ್ಟಾಗಿ ಕಲಿಯಲಿಲ್ಲ.

ಒಂದು ದಿನ ಕಮಲ ನೋಡಲು ಬಂದಳು. ಅವಳ ಸೀರೆಯ ಕೆಳಗಂಚಿನಲ್ಲಿ ಕರಿ ಎಣ್ಣೆಯ ಕಲೆಯಿತ್ತು. ನಾನು ಸೈಕಲ್ಲಿನ ಮೇಲಿಂದಲೇ ಅವಳಿಗೆ ಮೇಣದ ವಿಧಾನವನ್ನೂ, ಇಂಡೋರ್ ಟ್ರೈನಿಂಗಿನ ಪ್ರಯೋಜನಗಳನ್ನೂ ವಿವರಿಸಿದೆ. ಚೈನನ್ನು ಮುಟ್ಟಿ ನೋಡು ಎಂದೆ. ಅವಳು ಮುಟ್ಟಿ, ಬೆರಳು ನೋಡಿಕೊಂಡು, "ಏನೂ ಅಂಟಲೇ ಇಲ್ಲ," ಎಂದು ಆಶ್ಚರ್ಯಪಟ್ಟಳು.

"ಮೆಥಡ್ ಇರಬೇಕು ಕಮಲ," ಎಂದೆ. ಹೌದು, ಹಾಗೆಯೇ ಅಂದೆ.

ಪರೀಕ್ಷೆಯ ದಿನ ಬಂತು. ಟೈರ್ ಮತ್ತೆ ಹಾಕಿಸಿದೆವು. ಅಪ್ಪ ಹಿಂದಿನ ದಿನವಷ್ಟೇ ಮಗ್ಗದಿಂದ ಕೊಯ್ದ ಸೀರೆಯನ್ನು ನಾನು ಉಟ್ಟು ಹೊರಗೆ ಬಂದಾಗ, ಅವರು ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟರು. ಅದೇ ಅವರ ಆಶೀರ್ವಾದ. ಬೀದಿಯ ಅರ್ಧ ಜನ ಮಗ್ಗ ನಿಲ್ಲಿಸಿ ನಮ್ಮ ಜೊತೆ ಆಸ್ಪತ್ರೆಗೆ ನಡೆದರು. ಗಂಜಿ ಹಾಕಿದವರಲ್ಲವೇ, ಅವರಿಗೂ ಅದರಲ್ಲಿ ಪಾಲಿತ್ತು. ಹಾಸಿನ ಉದ್ದಕ್ಕೂ ನಿಲ್ಲುವ ಹಾಗೆಯೇ ಕಾಂಪೌಂಡಿನ ಗೋಡೆಯುದ್ದ ಸಾಲಾಗಿ ನಿಂತರು. ಅಜ್ಜಿ ಮುಂದೆ.

ಡಾಕ್ಟರ್ ಯಾವುದೋ ಹೆರಿಗೆಯಲ್ಲಿದ್ದು ಬರುವುದು ಒಂದು ಗಂಟೆ ತಡವಾಯಿತು. ನನ್ನ ಸೈಕಲ್ ಅಷ್ಟೂ ಹೊತ್ತು ಗೋಡೆಗೆ ಒರಗಿ ಬಿಸಿಲಿನಲ್ಲಿ ನಿಂತಿತ್ತು. ಸೇಲಂನ ಬೇಸಿಗೆ. ಏರ್ಕಾಡಿನ ತಂಪಿನಲ್ಲಿದ್ದ ಸಿಸ್ಟರಾಗಲಿ, ಇಂಗ್ಲೆಂಡಿನ ಚಳಿಯಲ್ಲಿ ಕೂತು ಆ ಹಾಳೆ ಬರೆದವನಾಗಲಿ ಇದನ್ನು ಯೋಚಿಸಿರಲಿಲ್ಲ. ನಾನೂ ಯೋಚಿಸಲಿಲ್ಲ. ಮೇಣ, ಹರಳೆಣ್ಣೆ, ಉಳಿದ ಗಂಜಿ, ಮೂರೂ ಕೂಡಿ ಚೈನಿನ ಮೇಲೆ ಹಲಸಿನ ಅಂಟಿನ ಹಾಗೆ ಆಗಿತ್ತು. ನೋಡಲು ಮಾತ್ರ ಶುಭ್ರವಾಗಿತ್ತು.

ಡಾಕ್ಟರ್ ಬಂದು ವರಾಂಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನನ್ನು ನೋಡಿ, "ನೈಸ್ ಸಾರಿ," ಎಂದರು. ಚೈನನ್ನು ನೋಡಿ, "ವೆರಿ ಕ್ಲೀನ್," ಎಂದರು. ಕಮಲಳ ಸೈಕಲ್ಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದುದನ್ನು ನೋಡಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಗೇಟಿನವರೆಗೆ ನೇರ ಹೋಗಬೇಕು, ಅಲ್ಲಿ ಎಡಕ್ಕೆ ತಿರುಗಿ ಬೇವಿನ ಮರವನ್ನು ಸುತ್ತಿ ವಾಪಸ್ ಬಂದು ತಮ್ಮ ಮುಂದೆ ಇಳಿಯಬೇಕು ಎಂದು ಹೇಳಿದರು. ಮೊದಲು ನಾನು.

ಹತ್ತಿದೆ. ಹೊರಟೆ. ಗೇಟಿನವರೆಗೆ ಹೋದೆ. ಬೇವಿನ ಮರವನ್ನು ಸುತ್ತಿದೆ. ಟೆನ್ನಿಸ್ ಕೋರ್ಟಿನಲ್ಲಿ ಸುತ್ತಿದವಳಿಗೆ ಮರ ಯಾವ ಲೆಕ್ಕ? ಅಷ್ಟು ದಿನದ ಟ್ರೈನಿಂಗಿನಿಂದ ಕಾಲಿನಲ್ಲಿ ಬಲವೂ ಇತ್ತು. ಬಿಳಿ ಸೀರೆ ಗಾಳಿಗೆ ಹಾರುತ್ತಿತ್ತು. ಡಾಕ್ಟರ್ ನಗುತ್ತ ಫೌಂಟನ್ ಪೆನ್ನಿನ ಮುಚ್ಚಳ ತೆಗೆಯುತ್ತಿರುವುದು ನನಗೆ ಕಾಣುತ್ತಿತ್ತು. ಇನ್ನು ಹತ್ತು ಗಜ.

ಸೆರಗಿನ ತುದಿ ಬಲಗಡೆ ಚೈನಿಗೆ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಎಣ್ಣೆಯ ಚೈನಾಗಿದ್ದರೆ ಒಂದು ಕಲೆ ಆಗಿ ಜಾರಿಹೋಗುತ್ತಿತ್ತು. ಸಿಸ್ಟರಳ ದಾರದ ಬಲೆಯಿದ್ದಿದ್ದರೆ ಅಷ್ಟು ಹತ್ತಿರ ಹೋಗುತ್ತಲೇ ಇರಲಿಲ್ಲ. ನನ್ನ ಚೈನು ಅದನ್ನು ಅಂಟಿಸಿಕೊಂಡು ಒಂದು ಎಳೆಯನ್ನು ಎಳೆಯಿತು. ಒಂದೇ ಎಳೆ. ಡಾಕ್ಟರಿಗೆ ಕಾಣಲಿಲ್ಲ. ಯಾರಿಗೂ ಕಾಣುವಂಥದ್ದಲ್ಲ, ಐವತ್ತು ವರ್ಷ ನೂಲು ನೋಡಿಕೊಂಡೇ ಕೂತಿದ್ದವಳೊಬ್ಬಳಿಗೆ ಬಿಟ್ಟು.

"ಎಳೆ ಅರೀತು ಲೇ!" ಎಂದು ಅಜ್ಜಿ ಗೋಡೆಯ ಪಕ್ಕದಿಂದ ಕೂಗಿದಳು.

ಮುಂದಿನದ್ದನ್ನು ನಾನು ಮಾಡಲಿಲ್ಲ, ನನ್ನ ಕೈಕಾಲು ಮಾಡಿದವು. ಬ್ರೇಕ್ ಒತ್ತಿದೆ. ಎರಡೂ ಕೈ ಬಿಟ್ಟೆ. ಬಲಗಡೆಗೆ ಹಿಂದಕ್ಕೆ ಬಾಗಿ ಎಳೆಯನ್ನು ಹುಡುಕಿದೆ. ಟ್ರೈನಿಂಗಿನ ಪರವಾಗಿ ಇಷ್ಟನ್ನಾದರೂ ಹೇಳಲೇಬೇಕು: ತುದಿ ಕೈಗೆ ಸಿಕ್ಕಿತು.

ಸೈಕಲ್ಲನ್ನು ಕಂಬಕ್ಕೆ ಕಟ್ಟಿರಲಿಲ್ಲ ಎಂಬುದು ನೆಲ ತಾಗಿದ ಮೇಲೆ ನೆನಪಾಯಿತು. ನಾನು ಒಂದು ಕಡೆ ಬಿದ್ದೆ. ಸೈಕಲ್ ಇನ್ನಷ್ಟು ದೂರ ಒಬ್ಬಂಟಿಯಾಗಿ ಹೋಗಿ ಡಾಕ್ಟರ ಪಕ್ಕದಲ್ಲಿದ್ದ ಫಿನಾಯಿಲ್ ಬಕೆಟ್ಟಿಗೆ ಗುದ್ದಿತು. ಬಕೆಟ್ ಡಾಕ್ಟರ ಕಾಲಿನ ಮೇಲೆ ಮಗುಚಿತು. ಡಾಕ್ಟರ್ ಎದ್ದು, ಒದ್ದೆ ಬೂಟಿನಲ್ಲೇ ಓಡಿ ಬಂದರು. ಅವರು ಬರುವಷ್ಟರಲ್ಲಿ ನಾನು ಮಣ್ಣಿನಲ್ಲಿ ಕೂತು, ಹರಿದ ಎಳೆಯ ಎರಡು ತುದಿಗಳನ್ನು ಬೆರಳಿನಿಂದ ಹೊಸೆಯುತ್ತಿದ್ದೆ.

"ಆರ್ ಯು ಹರ್ಟ್?"

"ನೋ, ಡಾಕ್ಟರ್," ಎಂದೆ. "ಇಟ್ ಈಸ್ ಓನ್ಲಿ ಒನ್ ಥ್ರೆಡ್."

ಅವರು ನನ್ನ ಕಣ್ಣುರೆಪ್ಪೆ ಎತ್ತಿ ನೋಡಿದರು. ತಲೆಗೆ ಏಟು ಬಿದ್ದಿದೆಯೇ ಎಂದು ಪರೀಕ್ಷಿಸಿದರು. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊದಲು ನನ್ನ ಮೊಣಕೈ ನೋಡಿದರು, ಆಮೇಲೆ ಎಳೆ ನೋಡಿದರು. "ಚೆನ್ನಾಗಿ ಸೇರ್ಸಿದೀಯ," ಎಂದರು. ಜೀವನದಲ್ಲಿ ಅವರು ನನ್ನ ಕೈಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

ಕಮಲಳ ಸರದಿ ಬಂತು. ಡಾಕ್ಟರ್ ಕುರ್ಚಿಯಲ್ಲಿ ಕೂತು ಬೂಟು ಕಳಚುತ್ತ, "ಮರಂ ಗಿರಂ ವೇಂಡಾಂ ಮಾ. ಗೇಟ್ ವರೈಕ್ಕುಂ ಪೋಯಿ ಎರಂಗು, ಪೋದುಂ," ಎಂದರು. ಮರಗಿರ ಏನೂ ಬೇಡ, ಗೇಟಿನವರೆಗೆ ಹೋಗಿ ಇಳಿದುಬಿಡು ಸಾಕು ಎಂದು. ಕಮಲ ಎಣ್ಣೆ ಸುರಿಸಿಕೊಂಡು ನೇರ ಹೋದಳು, ಇಳಿದಳು, ಸೈಕಲ್ ತಳ್ಳಿಕೊಂಡು ವಾಪಸ್ ಬಂದಳು. ಕೆಲಸ ಅವಳಿಗಾಯಿತು.

ಡಾಕ್ಟರ್ ಒಳ್ಳೆಯವರು. ಹೊರಡುವಾಗ ನನ್ನನ್ನು ಕರೆದು ಮೆತ್ತಗೆ ಹೇಳಿದರು: "ಯು ಹ್ಯಾವ್ ಗುಡ್ ಹ್ಯಾಂಡ್ಸ್, ಮೈ ಡಿಯರ್. ಬಟ್ ಐ ನೀಡ್ ಸಮ್‌ಒನ್ ಹೂ ಕೀಪ್ಸ್ ದೆಮ್ ಆನ್ ದಿ ಹ್ಯಾಂಡಲ್ ಬಾರ್."

ಸೈಕಲ್ ತಳ್ಳಿಕೊಂಡು ಎಲ್ಲರೂ ಮನೆಗೆ ಹೊರಟೆವು. ಬೀದಿಯ ತಿರುವಿಗೆ ಬಂದಾಗ ಅಜ್ಜಿ ಹೇಳಿದಳು: "ನಾನು ಕೂಗ್ಬಾರ್ದಿತ್ತು."

"ಎಳೆ ಹರಿದಿತ್ತಲ್ಲ ಅಜ್ಜಿ," ಎಂದೆ.

"ಅರ್ದಿತ್ತು," ಎಂದಳು. ಸ್ವಲ್ಪ ದೂರ ನಡೆದು, "ಗಂಜಿ ಸಾಲ್ದಾಯ್ತು," ಎಂದಳು.

ಸಂಜೆಯೊಳಗೆ ಅಣ್ಣ ಟೈರ್ ಕಳಚಿ ಸೈಕಲ್ಲನ್ನು ಮತ್ತೆ ಗುಂಡಿಯ ಮೇಲೆ ಕಟ್ಟಿದ. ಮಾತು ಮಾತೇ. ಮರುದಿನ ಚಿನ್ನಪ್ಪ ಮಾವ ನೂಲಿನ ಬುಟ್ಟಿಯ ಜೊತೆ ನನಗಾಗಿ ಒಂದು ಸೀಪು ಬಾಳೆಹಣ್ಣನ್ನೂ ತಂದರು. ದುಃಖ ತೋರಿಸಲು ಅವರು ಬಹಳ ಪ್ರಯತ್ನಿಸಿದರು. ಮುಂದೆ ಮದುವೆಯಾಗುವವರೆಗೆ ಮೂರು ವರ್ಷ ನಾನು ಆ ಬೀದಿಗೆ ಕಂಡಿಕೆ ಸುತ್ತಿಕೊಟ್ಟೆ. ಕೋಲ್‌ರಿಜ್, ವರ್ಡ್ಸ್‌ವರ್ತ್ ಎಲ್ಲ ಓದಿದವಳು. ತುಳಿಯುವಾಗ ಒಳಗೊಳಗೇ ಪದ್ಯ ಹೇಳಿಕೊಳ್ಳುತ್ತಿದ್ದೆ. ನಡುವೆ ಎಳೆ ಹರಿಯುತ್ತಿತ್ತು. ಯಾವ ಪದ್ಯವೂ ಕೊನೆ ಮುಟ್ಟಲಿಲ್ಲ.

ಕಮಲ ದಿನಾ ಬೆಳಿಗ್ಗೆ ನಮ್ಮ ಬೀದಿಗೆ ಬರುತ್ತಿದ್ದಳು. ಕೂಸುಗಳ ಕಣ್ಣು, ನಾಲಗೆ ನೋಡುತ್ತಿದ್ದಳು, ಬಾಣಂತಿಯರನ್ನು ಗದರುತ್ತಿದ್ದಳು. ಚೆನ್ನಾಗಿ ಕೆಲಸ ಮಾಡಿದಳು, ಅದನ್ನು ಒಪ್ಪಬೇಕು. ನಮ್ಮ ಬಾಗಿಲ ಮುಂದೆ ಬಂದಾಗ ಒಳಗೆ ಇಣುಕಿ, "ಹೇಗಿದ್ದೀ ರಾಜಿ?" ಎನ್ನುತ್ತಿದ್ದಳು. "ಫೈನ್, ಥ್ಯಾಂಕ್ ಯು," ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾತಾಡುವ ಮನಸ್ಸು ನನಗೆ ಆಗುತ್ತಿರಲಿಲ್ಲ. ಕೆಲಸ ನನ್ನದಾಗಬೇಕಿತ್ತು ಎಂದು ಒಳಗೆ ಒಂದು ಮುಳ್ಳು ಇತ್ತು.

ಮೂರು ವರ್ಷದ ಮೇಲೆ ಅವಳಿಗೆ ಹರೂರಿಗೆ ವರ್ಗವಾಯಿತು. ಆ ವಾರ ನಾನು ಮದುವೆಯ ಸಾಮಾನಿಗೆಂದು ಅಣ್ಣನ ಜೊತೆ ಪೇಟೆಗೆ ಹೋದವಳು ಬಸ್ ಸ್ಟ್ಯಾಂಡಿನ ಮುಂದೆ ಅವಳನ್ನು ಕಂಡೆ. ಹರೂರಿನ ಬಸ್ಸಿನೊಳಗೆ ಕಿಟಕಿಯ ಪಕ್ಕ ಕೂತಿದ್ದಳು. ಮೇಲೆ ಸೈಕಲ್ ಕಟ್ಟಿದ್ದರು. ನನ್ನನ್ನು ನೋಡಿ ಕೈ ಮಾಡಿ ಕರೆದಳು.

"ರಾಜಿ, ಒಂದು ಮಾತು ಹೇಳಿ ಹೋಗ್ತೀನಿ. ನಗಬಾರದು."

"ಹೇಳು."

ಅವಳು ಪಕ್ಕದವರಿಗೆ ಕೇಳದಂತೆ ಕಿಟಕಿಯಿಂದ ಬಾಗಿದಳು. "ಆ ದಿನ ಪರೀಕ್ಷೆಯಲ್ಲಿ, ನನಗೆ ಎಡಕ್ಕೆ ತಿರುಗಿಸೋಕೆ ಬರ್ತಿರಲಿಲ್ಲ. ಬಲಕ್ಕೆ ಬರ್ತಿತ್ತು. ಎಡಕ್ಕೆ ತಿರುಗಿಸಿದ್ರೆ ಬಿದ್ದುಬಿಡ್ತಿದ್ದೆ. ಬೇವಿನ ಮರ ಎಡಕ್ಕೆ ಅಂತ ಡಾಕ್ಟರಮ್ಮ ಹೇಳಿದಾಗಲೇ ನಾನು ಮನೆಗೆ ಹೋಗೋಣ ಅಂತಿದ್ದೆ. ನೀನು ಬಿದ್ದೆ. ಅವರು ಗಾಬರಿಯಾಗಿ ಮರ ಬೇಡ ಅಂದ್ರು."

 ನಾನು ಕೇಳಿದೆ: "ಆಮೇಲೆ ಕಲಿತೆ ತಾನೆ?"

"ಎಲ್ಲಿ? ದಿನಾ ಮಾರ್ಕೆಟ್ ಸುತ್ತಿ ಬಲಗಡೆಯಿಂದಲೇ ನಿಮ್ಮ ಬೀದಿಗೆ ಬರ್ತಿದ್ದೆ. ಮೂರು ವರ್ಷ. ಒಂದೂವರೆ ಮೈಲಿ ಜಾಸ್ತಿ."

"ಹರೂರಿನಲ್ಲಿ ಏನು ಮಾಡ್ತೀ?"

"ಅಲ್ಲಿ ಒಂದೇ ರಸ್ತೆಯಂತೆ. ನೇರ ಐತಂತೆ," ಎಂದಳು. ನಮ್ಮ ಬೀದಿಯ ಮಾತು ಅವಳ ಬಾಯಿಗೂ ಬಂದುಬಿಟ್ಟಿತ್ತು. ಆಮೇಲೆ ನನ್ನ ಕೈ ಹಿಡಿದು, "ಥ್ಯಾಂಕ್ಸ್ ರಾಜಿ. ಹೇಳಬೇಕು ಅಂತ ದಿನಾ ಅಂದುಕೊಳ್ತಿದ್ದೆ, ನೀನು ಫೈನ್ ಅಂದುಬಿಡ್ತಿದ್ದೆ," ಎಂದಳು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಸ್ಟ್ಯಾಂಡಿನಿಂದ ಹೊರಗೆ ಬಂದು, ಏನೂ ಕಷ್ಟವಿಲ್ಲದೆ, ಎಡಕ್ಕೆ ತಿರುಗಿತು. ಕಮಲ ಕಿಟಕಿಯಿಂದ ಅದನ್ನು ಬೆರಳು ಮಾಡಿ ತೋರಿಸಿ ನಗುತ್ತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.